ಬೋಟಿನ ಎಂಜಿನ್ ರೂಮಿಗೆ ಒಂದು ಕ್ಲ್ಯಾಂಪ್ ಮೀಟರ್: ಯುನಿ-ಟಿ ಯುಟಿ210ಇ

ಕಾರವಾರದ ಬೈತಕೋಲ ಬಂದರು ಇರಲಿ, ತದಡಿ ಇರಲಿ, ಹೊನ್ನಾವರದ ಕಾಸರಕೋಡ ಇರಲಿ, ಬೋಟ್ ಸ್ಟಾರ್ಟ್ ಆಗದಿದ್ದರೆ ಮೊದಲು ಬದಲಾಗುವುದು ಬ್ಯಾಟರಿ. ಅದರಿಂದ ಸರಿಹೋಗದಿದ್ದರೆ ಸೆಲ್ಫ್ (ಸ್ಟಾರ್ಟರ್ ಮೋಟರ್) ಬಿಚ್ಚಿ ರಿಪೇರಿಗೆ ಕಳಿಸುತ್ತಾರೆ. ನಂತರ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಸರದಿ. ಇಷ್ಟೆಲ್ಲ ಖರ್ಚು ಮುಗಿದ ಮೇಲೆ ಅರ್ಥ್ ಕೇಬಲ್ಲಿನ ಲಗ್ಗಿನೊಳಗೆ, ಅಂದರೆ ತುದಿಯ ಲೋಹದ ಕಿವಿಯೊಳಗೆ, ಕಟ್ಟಿದ ಹಸಿರು ಕಿಲುಬು ಕಣ್ಣಿಗೆ ಬೀಳುತ್ತದೆ. ಉಪ್ಪುಗಾಳಿಯಲ್ಲಿ ದುಡಿಯುವ ಬೋಟಿನಲ್ಲಿ ವೈರಿಂಗ್ ದೋಷದ ಬಹುಪಾಲು ಇರುವುದು ಜಾಯಿಂಟಿನಲ್ಲಿ. ಅದನ್ನು ಹುಡುಕಲು ಬೇಕಾದದ್ದು ಹೊಸ ಬಿಡಿಭಾಗವಲ್ಲ, ಲೋಡ್ ಇರುವಾಗ, ಅಂದರೆ ಕರೆಂಟ್ ಹರಿಯುತ್ತಿರುವಾಗ, ಅಳೆಯುವ ಮೀಟರ್. ಆ ಕೆಲಸಕ್ಕೆ ಯುನಿ-ಟಿ ಕಂಪನಿಯ ಯುಟಿ210ಇ ಎಷ್ಟು ಒದಗುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಈ ವಿಮರ್ಶೆಯ ವಿಷಯ.

ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮೀಟರ್ ಇದು. ಎರಡು ಟ್ರಿಪಲ್ ಎ ಸೆಲ್ ಸಾಕು. ವೈರನ್ನು ಸುತ್ತ ಕಚ್ಚಿ ಕರೆಂಟ್ ಓದುವ ಇದರ ಬಾಯಿ 17 ಮಿಲಿಮೀಟರ್ ತೆರೆಯುತ್ತದೆ. ಡಿಸಿ ಕರೆಂಟಿಗೆ, ಅಂದರೆ ಬ್ಯಾಟರಿಯ ಕರೆಂಟಿಗೆ, 2, 20, 100 ಆಂಪ್ ಎಂದು ಮೂರು ರೇಂಜುಗಳಿವೆ. 2 ಆಂಪ್ ರೇಂಜಿನಲ್ಲಿ 1 ಮಿಲಿಆಂಪ್‌ವರೆಗೆ ತೋರಿಸುತ್ತದೆ. ಈ ಬೆಲೆಯ ಮೀಟರುಗಳಲ್ಲಿ ಇಷ್ಟು ಸಣ್ಣ ಡಿಸಿ ಕರೆಂಟನ್ನು ವೈರ್ ಕತ್ತರಿಸದೆ ಓದುವವು ಕಡಿಮೆ. ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರವನ್ನು ಎರಡು ಸಲ ನೋಡಿ. ಇದೇ ಆಕಾರ, ಇದೇ ಬಣ್ಣದ ಅಣ್ಣತಮ್ಮಂದಿರು ಇದೇ ಸರಣಿಯಲ್ಲಿ ಇದ್ದಾರೆ. ಏಸಿ ಕರೆಂಟ್ ಮಾತ್ರ ಅಳೆಯುವ ಮಾದರಿ ಕೈಗೆ ಬಂದರೆ ಬೋಟಿನಲ್ಲಿ ಅದರಿಂದ ಏನೂ ಉಪಯೋಗವಿಲ್ಲ. ಬ್ಯಾಟರಿ ಕರೆಂಟಿಗೆ ಹಾಕಿದರೆ ಸೊನ್ನೆಯನ್ನೇ ತೋರಿಸುತ್ತದೆ.

ಮೊದಲಿಗೆ ಒಂದು ಸುರಕ್ಷತೆಯ ಗುಣ. ಸಾಮಾನ್ಯ ಮಲ್ಟಿಮೀಟರಿನಲ್ಲಿ 10 ಆಂಪ್ ಎಂದು ಬೇರೆ ತೂತು ಇರುತ್ತದೆ. ಕರೆಂಟ್ ನೋಡಿ ಕೆಂಪು ವೈರನ್ನು ಅಲ್ಲೇ ಮರೆತು, ಬ್ಯಾಟರಿ ವೋಲ್ಟೇಜ್ ನೋಡಲು ಹೋದರೆ ಬ್ಯಾಟರಿ ನೇರವಾಗಿ ಶಾರ್ಟ್ ಆಗುತ್ತದೆ. ಫ್ಯೂಸ್ ಹೋಗುತ್ತದೆ, ಕಿಡಿ ಹಾರುತ್ತದೆ. ಚಾರ್ಜ್ ಆಗುತ್ತಿರುವ ಬ್ಯಾಟರಿ ಹೈಡ್ರೋಜನ್ ಬಿಡುವುದರಿಂದ ಮುಚ್ಚಿದ ಎಂಜಿನ್ ರೂಮಿನಲ್ಲಿ ಆ ಕಿಡಿ ಪ್ರಾಣಕ್ಕೇ ಸಂಚಕಾರ. ಯುಟಿ210ಇಯಲ್ಲಿ ಕರೆಂಟನ್ನು ಬಾಯಿಯಿಂದಲೇ ಅಳೆಯುವ ಕಾರಣ ಆ ತೂತೇ ಇಲ್ಲ, ಆ ತಪ್ಪಿಗೂ ಎಡೆಯಿಲ್ಲ.

ಡಿಸಿ ಕರೆಂಟ್ ಅಳೆಯುವ ಮುಂಚೆ ಮೀಟರನ್ನು ಝೀರೋ ಮಾಡಲೇಬೇಕು. ಬಾಯಿಯೊಳಗಿನ ಹಾಲ್ ಸೆನ್ಸರ್ ಭೂಮಿಯ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ಅಳೆಯುವ ಕೇಬಲ್ಲಿನ ಹತ್ತಿರವೇ, ಅಳೆಯುವಾಗ ಹಿಡಿಯುವ ದಿಕ್ಕಿನಲ್ಲೇ, ಖಾಲಿ ಬಾಯಿ ಮುಚ್ಚಿ ಝೀರೋ ಬಟನ್ ಒತ್ತಿ. ಮೇಜಿನ ಮೇಲೆ ಝೀರೋ ಮಾಡಿ ಎಂಜಿನ್ ರೂಮಿಗೆ ಇಳಿದರೆ ಅಂಕಿ ತಪ್ಪಿರುತ್ತದೆ. ಡೈನಮೋ, ಸೆಲ್ಫ್, ಸ್ಪೀಕರ್ ಇವುಗಳಿಂದ ಒಂದು ಮೊಳ ದೂರದಲ್ಲಿ ಕೇಬಲ್ ಸಿಕ್ಕರೆ ಅಲ್ಲೇ ಹಿಡಿಯುವುದು ಉತ್ತಮ. ಪರದೆಯಲ್ಲಿ ಡಿಸಿ ಗುರುತು ಇದೆಯೇ ನೋಡಿಕೊಳ್ಳಿ. 0.01 ಆಂಪ್‌ಗಿಂತ ಕಡಿಮೆಯ ಅಂಕಿ ಆಚೀಚೆ ಕುಣಿಯುತ್ತಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಸಣ್ಣ ಕರೆಂಟ್ ಖಚಿತವಾಗಬೇಕಿದ್ದರೆ ತೆಳು ವೈರನ್ನು ಬಾಯಿಯೊಳಗೆ ಐದು ಸುತ್ತು ಹಾಯಿಸಿ, ಬಂದ ಅಂಕಿಯನ್ನು ಐದರಿಂದ ಭಾಗಿಸಿ.

ಇನ್ನು ನಿಜವಾದ ಕೆಲಸ. ಸೆಲ್ಫ್ ತಿರುಗುವುದಿಲ್ಲ, ಇಲ್ಲವೇ ನಿಧಾನ ತಿರುಗುತ್ತದೆ ಎನ್ನಿ. ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್ ಇದೆ. ಸೆಲ್ಫಿನ ದೊಡ್ಡ ಸ್ಟಡ್ಡಿಗೆ ಹಿಡಿದರೂ 12.6 ಇದೆ. "ಕರೆಂಟ್ ಬರ್ತಾ ಇದೆ, ಸೆಲ್ಫೇ ಹೋಗಿದೆ" ಎಂದು ತೀರ್ಮಾನಿಸುವುದು ಇಲ್ಲೇ, ಮತ್ತು ತಪ್ಪುವುದೂ ಇಲ್ಲೇ. ಕರೆಂಟ್ ಹರಿಯದಿರುವಾಗ ಒಂದೇ ಒಂದು ಎಳೆ ತಾಮ್ರ ಉಳಿದ ಕೇಬಲ್ ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಓಮ್ ಅಳೆದರೂ ಗೊತ್ತಾಗುವುದಿಲ್ಲ. ಈ ಮೀಟರು ಓಮಿನಲ್ಲಿ ತೋರಿಸುವ ಅತಿ ಸಣ್ಣ ಅಂಕಿ 0.1. ಆದರೆ ಕಿಲುಬು ಹಿಡಿದ ಲಗ್ಗಿನಲ್ಲಿ ಬರೀ 0.02 ಓಮ್ ಇದ್ದರೂ 150 ಆಂಪ್ ಹರಿಯುವಾಗ ಅಲ್ಲಿ 3 ವೋಲ್ಟ್ ಸುಟ್ಟುಹೋಗುತ್ತದೆ. ಆದ್ದರಿಂದ ಮೀಟರಿನ ಬಝರ್ ಸದ್ದು ಕೇಳಿ ದಪ್ಪ ಕೇಬಲ್ ಸರಿಯಿದೆ ಎನ್ನಬಾರದು.

ಅಳೆಯಬೇಕಾದದ್ದು ವೋಲ್ಟೇಜ್ ಡ್ರಾಪ್, ಅದೂ ಕ್ರ್ಯಾಂಕ್ ಆಗುತ್ತಿರುವಾಗ, ಅಂದರೆ ಸೆಲ್ಫ್ ಎಂಜಿನ್ ತಿರುಗಿಸುತ್ತಿರುವಾಗ. ಎಂಜಿನ್ ಹೊತ್ತಿಕೊಳ್ಳದಂತೆ ಸ್ಟಾಪ್ ಲಿವರ್ ಎಳೆದು ಕಟ್ಟಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಬಟ್ಟೆ ಮತ್ತು ಮೀಟರ್ ವೈರು ಬೆಲ್ಟಿನಿಂದ ದೂರವಿರಲಿ. ಎಕ್ಸಾಸ್ಟಿಗೆ ಸಮುದ್ರದ ನೀರು ಬಿಡುವ ಎಂಜಿನ್ ಆದರೆ ಸೀ ಕಾಕ್ (ಆ ನೀರು ಒಳಬಿಡುವ ವಾಲ್ವ್) ಮುಚ್ಚಿ. ಹೊತ್ತಿಕೊಳ್ಳದೆ ತುಂಬ ಹೊತ್ತು ತಿರುಗಿದರೆ ನೀರು ಹೊರಗೆ ಹೋಗದೆ ಹಿಂದಕ್ಕೆ ಸಿಲಿಂಡರಿಗೇ ಬರಬಹುದು. ಪರೀಕ್ಷೆ ಮುಗಿದ ಕೂಡಲೇ ಅದನ್ನು ತೆರೆಯುವುದನ್ನು ಮಾತ್ರ ಮರೆಯಬಾರದು, ಕ್ರ್ಯಾಂಕ್ ಮಾಡದಿರುವಾಗ ಕೀಯನ್ನು ಸೀ ಕಾಕ್ ಹಿಡಿಕೆಗೇ ಕಟ್ಟಿಡುವುದು ಒಳ್ಳೆಯ ರೂಢಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಕ್ರ್ಯಾಂಕ್ ಬೇಡ, ನಡುವೆ ಒಂದು ನಿಮಿಷ ಬಿಡಿ.

ಕೆಂಪು ಪ್ರೋಬ್ ಬ್ಯಾಟರಿಯ ಪಾಸಿಟಿವ್ ಸೀಸದ ಗೂಟದ ಮೇಲೆ. ಗೂಟಕ್ಕೆ ಬಿಗಿದ ಕೇಬಲ್ ಕ್ಲ್ಯಾಂಪಿನ ಮೇಲಲ್ಲ, ಗೂಟದ ಮೇಲೆಯೇ. ಕಪ್ಪು ಪ್ರೋಬ್ ಸೆಲ್ಫಿನ ಮುಖ್ಯ ಸ್ಟಡ್ಡಿನ ಮೇಲೆ. ಸಹಾಯಕ್ಕಿರುವವರು ಕೀ ತಿರುಗಿಸಲಿ. ಪರದೆಯ ಮೇಲೆ ಬರುವ ಅಂಕಿ ಪಾಸಿಟಿವ್ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. 0.5ರ ಒಳಗಿದ್ದರೆ ಒಪ್ಪಬಹುದು. ಬಳಿಕ ಒಂದು ಪ್ರೋಬ್ ನೆಗೆಟಿವ್ ಗೂಟದ ಮೇಲೆ, ಇನ್ನೊಂದು ಸೆಲ್ಫಿನ ಮೈಮೇಲೆ, ಪೇಂಟ್ ಕೆರೆದು. ಇಲ್ಲಿ 0.3ರ ಒಳಗಿರಬೇಕು. ನಮ್ಮ ಕರಾವಳಿಯ ಬೋಟುಗಳಲ್ಲಿ ದೊಡ್ಡ ಅಂಕಿ ಸಿಗುವುದು ಹೆಚ್ಚಾಗಿ ಈ ನೆಗೆಟಿವ್ ಕಡೆ. ಎಲ್ಲರೂ ಕೆಂಪು ಕೇಬಲ್ಲಿಗೆ ಕೊಡುವ ಆರೈಕೆ ಕಪ್ಪಿಗೆ ಸಿಗುವುದಿಲ್ಲ. ಅದು ಎಂಜಿನ್ನಿನ ಬುಡದಲ್ಲಿ, ಬಿಲ್ಜ್ ನೀರಿನ (ಬೋಟಿನ ತಳದಲ್ಲಿ ನಿಲ್ಲುವ ನೀರು) ಹತ್ತಿರ, ಪ್ರತಿ ವರ್ಷ ಮೇಲಿಂದ ಮೇಲೆ ಬಳಿದ ಪೇಂಟಿನಡಿ ಇರುತ್ತದೆ.

ಯಾವ ಕಡೆ ದೋಷ ಎಂದು ಗೊತ್ತಾದ ಮೇಲೆ ಆ ದಾರಿಯನ್ನು ತುಂಡುತುಂಡಾಗಿ ನೋಡಿ. ಗೂಟದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಕೇಬಲ್ಲಿನ ತಾಮ್ರಕ್ಕೆ, ಕೇಬಲ್ಲಿನಿಂದ ಲಗ್ಗಿಗೆ, ಲಗ್ಗಿನಿಂದ ಸ್ಟಡ್ಡಿಗೆ, ಮೇನ್ ಸ್ವಿಚ್ಚಿನ ಈ ಬದಿಯಿಂದ ಆ ಬದಿಗೆ, ಸೆಲ್ಫಿಗೆ ಕರೆಂಟ್ ಬಿಡುವ ಕಾಂತದ ಸ್ವಿಚ್ಚಾದ ಸೊಲೆನಾಯ್ಡಿನ ಎರಡು ದೊಡ್ಡ ಸ್ಟಡ್ಡುಗಳ ನಡುವೆ. ಒಂದು ಒಳ್ಳೆಯ ಜಾಯಿಂಟಿನಲ್ಲಿ 0.1 ವೋಲ್ಟಿಗಿಂತ ಹೆಚ್ಚು ಕಳೆಯಬಾರದು. ಎಲ್ಲಿ ಅಂಕಿ ಒಮ್ಮೆಲೇ ಜಿಗಿಯುತ್ತದೋ ದೋಷ ಅಲ್ಲೇ. ಬ್ಯಾಟರಿಯ ಎರಡು ಗೂಟಗಳ ನಡುವಿನ ವೋಲ್ಟೇಜೇ ಕ್ರ್ಯಾಂಕ್ ಮಾಡುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಬ್ಯಾಟರಿಯ ಮೇಲೆ ಅನುಮಾನ ಪಡಿ. ಎರಡು ಬ್ಯಾಟರಿಯ 24 ವೋಲ್ಟ್ ಬೋಟಿನಲ್ಲಿ ಒಂದೊಂದನ್ನೂ ಬೇರೆ ಬೇರೆ ನೋಡಬೇಕು.

ಈ ಪರೀಕ್ಷೆಗೆ ಯುಟಿ210ಇ ಚೆನ್ನಾಗಿ ಒದಗುತ್ತದೆ. ಸಣ್ಣ ವೋಲ್ಟೇಜನ್ನು ಮಿಲಿವೋಲ್ಟಿನಲ್ಲೇ ಓದುತ್ತದೆ. ಆದರೆ 24 ವೋಲ್ಟ್ ಬೋಟಿನವರು ಒಂದು ಕೊರತೆ ತಿಳಿದಿರಬೇಕು. ಇದರ ಪರದೆ 2000 ಎಣಿಕೆಯದು. 20 ವೋಲ್ಟಿನವರೆಗೆ 12.64 ಎಂದು ಎರಡು ದಶಮಾಂಶ ಸಿಗುತ್ತದೆ, ಅದು ದಾಟಿದ ಕೂಡಲೇ 25.3 ಎಂದು ಒಂದೇ ದಶಮಾಂಶ. ಬ್ಯಾಟರಿ ಎಷ್ಟು ತುಂಬಿದೆ ಎಂದು 24 ವೋಲ್ಟಿನಲ್ಲಿ ಒಟ್ಟಿಗೆ ಅಳೆದರೆ ಸೂಕ್ಷ್ಮ ತಿಳಿಯುವುದಿಲ್ಲ. ಇಲ್ಲೂ ಪರಿಹಾರ ಒಂದೊಂದೇ ಬ್ಯಾಟರಿ ಅಳೆಯುವುದು. ಲೋಡ್ ಇಲ್ಲದೆ ಕೆಲ ಗಂಟೆ ಬಿಟ್ಟ ಮೇಲೆ 12.7 ಇದ್ದರೆ ಪೂರ್ತಿ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ.

ಇನ್ನೊಂದು ದೊಡ್ಡ ಕೊರತೆ, ಸೆಲ್ಫ್ ಎಳೆಯುವ ಕರೆಂಟನ್ನು ಇದು ಅಳೆಯಲಾರದು. ಟ್ರಾಲ್ ಬೋಟಿನ ಆರು ಸಿಲಿಂಡರ್ ಡೀಸೆಲ್ ಎಂಜಿನ್ ಕ್ರ್ಯಾಂಕ್ ಆಗುವಾಗ 100 ಆಂಪ್ ಬಹಳ ಹಿಂದೆ ಉಳಿಯುತ್ತದೆ. ಕ್ಷಣದ ಏರಿಕೆ ಹಿಡಿದಿಡುವ ಇನ್‌ರಷ್ ಸೌಲಭ್ಯವೂ ಇದರಲ್ಲಿಲ್ಲ. ಸೆಲ್ಫ್ ಕರೆಂಟನ್ನು ನೇರವಾಗಿ ಅಳೆಯಲೇಬೇಕೆನ್ನುವ ಎಲೆಕ್ಟ್ರಿಷಿಯನ್‌ಗಳು 400 ಆಂಪ್ ಡಿಸಿ ಓದುವ ಫ್ಲೂಕ್ 325ರಂಥ ಮೀಟರಿಗೆ ಹೋಗಬೇಕು, ಅದರ ಬೆಲೆ ಬಹಳ ಮೇಲೆ. ಬೋಟಿನಲ್ಲಿ ಇಡುವವರಿಗೆ ಒಂದು ಉಪಾಯವಿದೆ: ಕೇಬಲ್ಲನ್ನೇ ಅಳತೆಗೋಲು ಮಾಡಿಕೊಳ್ಳುವುದು. 35 ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದ ಕೇಬಲ್ 1 ಮೀಟರಿಗೆ ಸುಮಾರು 0.5 ಮಿಲಿಓಮ್. ಆ ಒಂದು ಮೀಟರಿನ ಎರಡು ತುದಿಯ ನಡುವೆ ಕ್ರ್ಯಾಂಕ್ ಮಾಡುವಾಗ 100 ಮಿಲಿವೋಲ್ಟ್ ಬಂದರೆ ಹರಿಯುತ್ತಿರುವುದು ಹತ್ತಿರ ಹತ್ತಿರ 200 ಆಂಪ್. ಲಗ್ಗನ್ನು ಲೆಕ್ಕಕ್ಕೆ ಸೇರಿಸದೆ ತಾಮ್ರದ ಮೇಲೆಯೇ ಪ್ರೋಬ್ ಚುಚ್ಚಬೇಕು, ಮುಗಿದ ಮೇಲೆ ಆ ತೂತುಗಳನ್ನು ಒಳಗೆ ಅಂಟಿರುವ ಹೀಟ್ ಶ್ರಿಂಕಿನಿಂದ (ಬಿಸಿಗೆ ಕುಗ್ಗುವ ಕೊಳವೆ) ಮುಚ್ಚಬೇಕು. ಹಾಗೇ ಬಿಟ್ಟ ತೂತಿನಿಂದ ಉಪ್ಪುನೀರು ಎಳೆಎಳೆಯ ನಡುವೆ ಏರುತ್ತದೆ.

ಕೀ ತಿರುಗಿಸಿದರೆ ಬರೀ ಟಿಕ್ ಎನ್ನುವ ಸೊಲೆನಾಯ್ಡಿನ ವಿಷಯ ಬೇರೆ. ಅದಕ್ಕೆ ಹೋಗುವ ಸಣ್ಣ ವೈರು ಎಂಜಿನ್ ರೂಮಿನಿಂದ ವೀಲ್ ಹೌಸಿನ ಕೀವರೆಗೆ ಹೋಗಿ ವಾಪಸು ಬರುತ್ತದೆ. ಒಂದು ಕಡೆಗೆ 8 ಮೀಟರ್ ಎಂದರೂ 16 ಮೀಟರ್. ವೈರ್ 1.5 ಚದರ ಮಿಲಿಮೀಟರಿನದಾದರೆ ಅದರ ರೆಸಿಸ್ಟೆನ್ಸ್ 0.18 ಓಮ್. ಸೊಲೆನಾಯ್ಡ್ ಒಳಕ್ಕೆ ಎಳೆದುಕೊಳ್ಳುವ ಕ್ಷಣದಲ್ಲಿ 30 ಆಂಪ್ ಬೇಡಿದರೆ ಆ ವೈರಿನಲ್ಲೇ 5 ವೋಲ್ಟ್ ಮೇಲೆ ಹೋಯಿತು. 12 ವೋಲ್ಟಿನ ಬೋಟಿನಲ್ಲಿ ಉಳಿದ ಸುಮಾರು ಏಳು ವೋಲ್ಟಿಗೆ ಸೊಲೆನಾಯ್ಡ್ ಕಚ್ಚುವುದಿಲ್ಲ. ಕೀ ಬದಲಿಸಿದರೆ ಎರಡು ವಾರ ಓಡಿ ಮತ್ತೆ ಅದೇ ಕಥೆ. ಇದಕ್ಕೆ ಸೆಲ್ಫಿನ ಹತ್ತಿರ ಒಂದು ಹೆವಿ ಡ್ಯೂಟಿ ರಿಲೇ ಕೂರಿಸಿ, ಸೆಲ್ಫಿನಲ್ಲಿ ಬ್ಯಾಟರಿ ಕೇಬಲ್ ಸೇರುವ ಮುಖ್ಯ ಸ್ಟಡ್ಡಿನಿಂದ ಫ್ಯೂಸ್ ಮೂಲಕ 6 ಚದರ ಮಿಲಿಮೀಟರಿನ ಗಿಡ್ಡ ವೈರ್ ಕೊಡಬೇಕು. ವೀಲ್ ಹೌಸಿನ ಉದ್ದ ವೈರು ಆಗ ರಿಲೇ ಕಾಯಿಲಿನ ಕಾಲು ಆಂಪನ್ನೂ ಮುಟ್ಟದ ಕರೆಂಟ್ ಹೊತ್ತರೆ ಸಾಕು. ಕ್ಲ್ಯಾಂಪನ್ನು ಆ ವೈರಿಗೆ ಹಾಕಿ ಮೊದಲು ಮತ್ತು ನಂತರ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಒಳಕ್ಕೆಳೆಯುವ ಕ್ಷಣದ ಏರಿಕೆಯನ್ನು ಮಾತ್ರ ಈ ಮೀಟರ್ ಹಿಡಿಯುವುದಿಲ್ಲ, ಹಿಡಿದಿಟ್ಟುಕೊಳ್ಳುವ ಕರೆಂಟಷ್ಟೇ ಕಾಣುತ್ತದೆ.

ಚಾರ್ಜಿಂಗ್ ನೋಡುವುದರಲ್ಲಿ ಯುಟಿ210ಇ ತನ್ನ ಬೆಲೆಯನ್ನು ಪೂರ್ತಿ ಹಿಂತಿರುಗಿಸುತ್ತದೆ. ಡೈನಮೋದಿಂದ ಚಾರ್ಜ್ ಹೊರಬರುವ ಬಿ ಪ್ಲಸ್ ಕೇಬಲ್ಲಿಗೆ ಬಾಯಿ ಹಾಕಿ, ಎಂಜಿನ್ ಓಡುವಾಗ ನೋಡಿ. ಸ್ಟಾರ್ಟ್ ಆದ ಕೂಡಲೇ ಹೆಚ್ಚು ಆಂಪ್ ಹೋಗಿ, ಅರ್ಧ ಗಂಟೆಯಲ್ಲಿ ಇಳಿಯುತ್ತ ಬರಬೇಕು. ಬ್ಯಾಟರಿಯ ಮೇಲೆ 13.8ರಿಂದ 14.4, 24ರದ್ದಾದರೆ 27.6ರಿಂದ 28.8 ವೋಲ್ಟ್ ಇರಬೇಕು. ಡೈನಮೋದ ಮೇಲೆ 14.4, ಬ್ಯಾಟರಿಯ ಮೇಲೆ 13.2 ಇದ್ದರೆ ಡೈನಮೋ ಬಿಚ್ಚಬೇಡಿ. ನಡುವಿನ ಕೇಬಲ್ಲಿನಲ್ಲಿ 1.2 ವೋಲ್ಟ್ ಕಳೆಯುತ್ತಿದೆ. ಬ್ಯಾಟರಿ ಕೇಬಲ್ಲಿಗೆ ಹಾಕಿದ ಕ್ಲ್ಯಾಂಪು ಮೈನಸ್ ಗುರುತು ತೋರಿಸಿದರೆ ಮೊದಲು ಬಾಯಿಯ ಮೇಲಿನ ದಿಕ್ಕಿನ ಗುರುತು ನೋಡಿ. ದಿಕ್ಕು ಸರಿಯಿದ್ದೂ ಮೈನಸ್ ಬಂದರೆ ಬ್ಯಾಟರಿ ತುಂಬುತ್ತಿಲ್ಲ, ಖಾಲಿಯಾಗುತ್ತಿದೆ ಎಂದರ್ಥ. ಲೈಟುಗಳ ಲೋಡು ಡೈನಮೋವನ್ನು ಮೀರಿದೆ.

ಚಾರ್ಜೇ ಇಲ್ಲ, ಆದರೆ ಎಂಜಿನ್ ಜೋರು ಓಡಿಸಿದರೆ ಶುರುವಾಗುತ್ತದೆ ಎಂಬ ದೂರಿಗೆ ಚಾರ್ಜ್ ಲ್ಯಾಂಪ್ ಬಲ್ಬ್ ನೋಡಿ. ಹಲವು ಡೈನಮೋಗಳಿಗೆ ಆರಂಭದ ಫೀಲ್ಡ್ ಕರೆಂಟ್ (ಒಳಗೆ ಕಾಂತ ಹುಟ್ಟಿಸುವ ಕರೆಂಟ್) ಸಿಗುವುದೇ ಆ ಬಲ್ಬಿನ ಮೂಲಕ. 12 ವೋಲ್ಟಿನ 2.2 ವ್ಯಾಟ್ ಬಲ್ಬ್ ಆದರೆ ಸುಮಾರು 0.18 ಆಂಪ್. ಕೀ ಆನ್ ಮಾಡಿ, ಎಂಜಿನ್ ನಿಂತಿರುವಾಗ ಆ ತೆಳು ವೈರಿಗೆ 2 ಆಂಪ್ ರೇಂಜಿನಲ್ಲಿ ಕ್ಲ್ಯಾಂಪ್ ಹಾಕಿದರೆ ಅಂಕಿ ನೇರವಾಗಿ ಕಾಣುತ್ತದೆ. ಸೊನ್ನೆ ಇದ್ದರೆ ಬಲ್ಬ್ ಹೋಗಿದೆ, ಇಲ್ಲವೇ ವೈರ್ ಕಡಿದಿದೆ. ಬಲ್ಬಿನ ಜಾಗದಲ್ಲಿ ಎಲ್‌ಇಡಿ ಹಾಕಿದರೆ ಕರೆಂಟ್ ಸಾಲದೆ ಇದೇ ತೊಂದರೆ ಹುಟ್ಟುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ತೆಗೆದು ಡೈನಮೋ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ. ಒಮ್ಮೆಲೇ ಏರುವ ವೋಲ್ಟೇಜಿಗೆ ಡಯೋಡ್, ರೆಗ್ಯುಲೇಟರ್, ಜೊತೆಗೆ ಜಿಪಿಎಸ್ ಮತ್ತು ವಿಎಚ್‌ಎಫ್ ರೇಡಿಯೋ ಕೂಡ ಹೋಗಬಹುದು. ಡಯೋಡ್ ಅನುಮಾನವಿದ್ದರೆ ಮೀಟರನ್ನು ಏಸಿ ವೋಲ್ಟಿಗೆ ಇಟ್ಟು ಚಾರ್ಜ್ ಆಗುತ್ತಿರುವ ಬ್ಯಾಟರಿಯ ಮೇಲೆ ನೋಡಿ, ಅರ್ಧ ವೋಲ್ಟ್ ದಾಟಿದರೆ ಡಯೋಡ್ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಮಿಲಿಆಂಪ್ ಓದುವ ಶಕ್ತಿಯ ಬೆಲೆ ಗೊತ್ತಾಗುವುದು ಮಳೆಗಾಲದಲ್ಲಿ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಒಟ್ಟು 61 ದಿನ ಬೋಟ್ ದಕ್ಕೆಯಲ್ಲಿ ನಿಲ್ಲುತ್ತದೆ. ಎಲ್ಲ ಸ್ವಿಚ್ ಆಫ್ ಆಗಿದ್ದರೂ 50 ಮಿಲಿಆಂಪ್ ಎಲ್ಲೋ ಸೋರುತ್ತಿದ್ದರೆ ಅಷ್ಟು ದಿನಕ್ಕೆ 73 ಆಂಪ್ ಅವರ್ ಖಾಲಿ. 150 ಆಂಪ್ ಅವರ್ ಬ್ಯಾಟರಿಯ ಅರ್ಧ ಅಲ್ಲೇ ಹೋಯಿತು, ತಾನಾಗಿ ಇಳಿಯುವುದು ಬೇರೆ. ಖಾಲಿ ನಿಂತ ಬ್ಯಾಟರಿಯ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಆಗಸ್ಟಿನಲ್ಲಿ ಚಾರ್ಜ್ ಹಿಡಿಯುವುದಿಲ್ಲ. ಬೋಟ್ ಕಟ್ಟುವ ದಿನ ನೆಗೆಟಿವ್ ಕೇಬಲ್ಲಿಗೆ ಕ್ಲ್ಯಾಂಪ್ ಹಾಕಿ. ಅಂಕಿ ಬಂದರೆ ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ, ಯಾವುದನ್ನು ತೆಗೆದಾಗ ಇಳಿಯುತ್ತದೋ ಆ ಸರ್ಕಿಟ್ಟಿನಲ್ಲಿ ಸೋರಿಕೆ.

24 ವೋಲ್ಟ್ ಬೋಟುಗಳಲ್ಲಿ ಇನ್ನೊಂದು ರೋಗ ಇದೇ ಮೀಟರಿಗೆ ಸಿಕ್ಕಿಬೀಳುತ್ತದೆ. ಜಿಪಿಎಸ್, ಎಕೋ ಸೌಂಡರ್, ವಿಎಚ್‌ಎಫ್‌ಗೆ 12 ವೋಲ್ಟ್ ಬೇಕೆಂದು ಎರಡು ಬ್ಯಾಟರಿಯಲ್ಲಿ ಕೆಳಗಿನದರಿಂದ ನೇರ ವೈರ್ ಎಳೆದಿರುತ್ತಾರೆ. ಆ ಒಂದು ಬ್ಯಾಟರಿ ದಿನಾ ಹೆಚ್ಚು ಖಾಲಿಯಾಗುತ್ತದೆ, ಡೈನಮೋ ಮಾತ್ರ ಎರಡಕ್ಕೂ ಸೇರಿಸಿ 28 ವೋಲ್ಟ್ ಕೊಡುತ್ತದೆ. ತುಂಬಿದ್ದು ಕುದಿದು ನೀರು ಕಳೆದುಕೊಳ್ಳುತ್ತದೆ, ಖಾಲಿಯಾದದ್ದು ಎಂದೂ ತುಂಬುವುದಿಲ್ಲ, ಒಂದೇ ವರ್ಷದಲ್ಲಿ ಎರಡೂ ಹೋಗುತ್ತವೆ. ಎಂಜಿನ್ ನಿಲ್ಲಿಸಿ, ಉಪಕರಣ ಆನ್ ಮಾಡಿ, ನೆಗೆಟಿವ್ ಕೇಬಲ್ ಮತ್ತು ಎರಡು ಬ್ಯಾಟರಿಗಳ ನಡುವಿನ ಜೋಡಣೆಯ ಕೇಬಲ್ ಎರಡನ್ನೂ ಅಳೆಯಿರಿ. ಒಂದೇ ಕರೆಂಟ್ ಇರಬೇಕು. ನೆಗೆಟಿವ್‌ನಲ್ಲಿ 3.2, ನಡುವಿನದರಲ್ಲಿ 0.4 ಇದ್ದರೆ 2.8 ಆಂಪ್ ನಡುವಿನಿಂದ ಕದ್ದುಹೋಗುತ್ತಿದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕುವುದು ಸರಿಯಾದ ಮದ್ದು.

ನೀರಿಗೆ ಸೋರುವ ಕರೆಂಟನ್ನೂ ಇದು ತೋರಿಸುತ್ತದೆ. ಬಿಲ್ಜ್ ಪಂಪಿನ ಪ್ಲಸ್ ಮತ್ತು ಮೈನಸ್ ಎರಡೂ ವೈರನ್ನು ಒಟ್ಟಿಗೆ ಬಾಯಿಯೊಳಗೆ ಹಾಕಿ ಪಂಪ್ ಓಡಿಸಿ. ಹೋದದ್ದೆಲ್ಲ ವಾಪಸು ಬಂದರೆ ಅಂಕಿ ಸೊನ್ನೆ. 0.03 ಬಂದರೆ 30 ಮಿಲಿಆಂಪ್ ಬೇರೆ ದಾರಿ ಹಿಡಿದಿದೆ, ಬಿಲ್ಜ್ ನೀರು, ಶಾಫ್ಟ್, ಪ್ರೊಪೆಲ್ಲರ್ ಮೂಲಕ. ಆ ದಾರಿಯಲ್ಲಿ ಲೋಹ ಕರಗುತ್ತದೆ, ಉಳಿದ ಲೋಹ ಕಾಯಲು ಹಾಕಿದ ಝಿಂಕ್ ತುಂಡುಗಳು ಕಾಲಕ್ಕೆ ಮುಂಚೆ ಸವೆಯುತ್ತವೆ. ಇದೇ ಕಾರಣಕ್ಕೆ ಕಬ್ಬಿಣದ ಬೋಟಿನಲ್ಲಿ ಮೈಯನ್ನೇ ನೆಗೆಟಿವ್ ವೈರಿನಂತೆ ಬಳಸಬಾರದು. ದಪ್ಪ ಬ್ಯಾಟರಿ ಕೇಬಲ್ ಎರಡನ್ನು ಒಟ್ಟಿಗೆ ಹಿಡಿಯಲು ಮಾತ್ರ 17 ಮಿಲಿಮೀಟರ್ ಬಾಯಿ ಸಾಲದು.

ಔಟ್‌ಬೋರ್ಡ್ ಹಾಕಿದ ನಾಡದೋಣಿಯವರಿಗೆ ಉಪಯೋಗ ಕಡಿಮೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಂಜಿನ್ನಿನಲ್ಲಿ ಅಳೆಯಲು ಹೆಚ್ಚಿಲ್ಲ. ಸ್ಪಾರ್ಕ್ ಹುಟ್ಟಿಸುವ ಸಿಡಿಐ ಬಾಕ್ಸಿನ ಔಟ್‌ಪುಟ್ಟಿಗೆ ಪ್ರೋಬ್ ಹಿಡಿಯಬೇಡಿ. ಅಲ್ಲಿ ಬರುವುದು ನೂರಾರು ವೋಲ್ಟಿನ ಕ್ಷಣದ ಹೊಡೆತ, ಪೀಕ್ ಅಡಾಪ್ಟರ್ ಇಲ್ಲದೆ ಯಾವ ಸಾಮಾನ್ಯ ಮೀಟರೂ ಅದನ್ನು ಸರಿಯಾಗಿ ಓದದು. ಸ್ಪಾರ್ಕ್ ಇಲ್ಲದಿದ್ದರೆ ಕಿಲ್ ಸ್ವಿಚ್ಚಿನ ವೈರನ್ನು ಕಳಚಿ ನೋಡಿ. ಸ್ವಿಚ್ಚಿನೊಳಗೆ ಉಪ್ಪು ಕಟ್ಟಿ ಅರ್ಥ್ ಆಗಿರಬಹುದು. ಕಳಚಿದ ಮೇಲೆ ಸ್ವಿಚ್ಚಿನಿಂದ ಎಂಜಿನ್ ನಿಲ್ಲುವುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕು. ಹಾಗೆಯೇ ಸಮುದ್ರಕ್ಕೆ ಹೋಗಬಾರದು.

ಮೀಟರ್ ದೋಷದ ಜಾಗ ತೋರಿಸುತ್ತದೆ, ರಿಪೇರಿ ಸರಿಯಿಲ್ಲದಿದ್ದರೆ ಮೂರು ತಿಂಗಳಲ್ಲಿ ಅದೇ ಅಂಕಿ ಮರಳುತ್ತದೆ. ಕೇಬಲ್ ಕತ್ತರಿಸಿದಾಗ ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ. ಒಂದು ಗೇಣು ಹೋದರೂ ಕಪ್ಪೇ ಇದ್ದರೆ ಕೇಬಲ್ ಬದಲಿಸಿ. ತವರ ಲೇಪಿಸಿದ ತಾಮ್ರದ ಕೇಬಲ್ ಮತ್ತು ಲಗ್, ಷಟ್ಕೋನದ ಕ್ರಿಂಪ್, ಮೇಲೆ ಒಳಗೆ ಅಂಟಿರುವ ಹೀಟ್ ಶ್ರಿಂಕ್. ಬರೀ ಬೆಸುಗೆ ಬೇಡ. ಸೀಸ ಎಳೆಗಳೊಳಗೆ ಏರಿ ಗಟ್ಟಿಯಾಗಿ, ಎಂಜಿನ್ ನಡುಕಕ್ಕೆ ಆ ಅಂಚಿನಲ್ಲೇ ಮುರಿಯುತ್ತದೆ. ಇನ್ಸುಲೇಷನ್ ಟೇಪ್ ತೇವವನ್ನು ಒಳಗೇ ಹಿಡಿದಿಡುತ್ತದೆ. ಮನೆ ವೈರಿಂಗಿನ ಒಂಟಿ ಎಳೆಯ ವೈರು ಬೋಟಿಗೆ ಆಗುವುದೇ ಇಲ್ಲ. ಸ್ಟಡ್ಡಿನ ಮೇಲೆ ಮೊದಲು ಲಗ್, ಅದರ ಮೇಲೆ ವಾಷರ್. ಲಗ್ಗಿನ ಕೆಳಗೆ ಸ್ಟೇನ್‌ಲೆಸ್ ವಾಷರ್ ಸೇರಿದರೆ ಕರೆಂಟ್ ಅದರ ಮೂಲಕವೇ ಹೋಗಬೇಕಾಗಿ ಜಾಗ ಬಿಸಿಯಾಗುತ್ತದೆ.

ಮೀಟರಿಗೆ ನೀರಿನ ರಕ್ಷಣೆ ಇಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ವೀಲ್ ಹೌಸಿನಲ್ಲಿಡಿ. ಬಾಯಿಯ ಎರಡು ತುದಿ ಸೇರುವ ಜಾಗವನ್ನು ಒಣ ಬಟ್ಟೆಯಿಂದ ಒರೆಸಿ, ಅಲ್ಲಿ ಕೊಳೆ ಕೂತರೆ ಡಿಸಿ ಅಂಕಿ ತಪ್ಪುತ್ತದೆ. ಜೊತೆಗೆ ಬರುವ ಪ್ರೋಬುಗಳ ವೈರು ಬ್ಯಾಟರಿಯಿಂದ ಸೆಲ್ಫಿಗೆ ಮುಟ್ಟುವುದಿಲ್ಲ. 3 ಮೀಟರ್ ಉದ್ದದ ಮೆತ್ತಗಿನ ವೈರಿಗೆ ಮೊಸಳೆ ಕ್ಲಿಪ್ ಹಾಕಿಕೊಂಡು ಬಳಸಿ. ಏಸಿ ಲೈನ್ ದೂರದಿಂದ ಗುರುತಿಸುವ ಎನ್‌ಸಿವಿ ಸೌಲಭ್ಯ ಬ್ಯಾಟರಿ ಕರೆಂಟಿಗೆ ಕೆಲಸಕ್ಕೆ ಬಾರದು.

12 ವೋಲ್ಟಿನ ಬೋಟಿಗೆ ಈ ಮೀಟರನ್ನು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬಹುದು. 24ರ ಟ್ರಾಲ್ ಬೋಟಿಗೂ ಹೇಳುತ್ತೇವೆ, ಸೆಲ್ಫ್ ಕರೆಂಟಿಗೆ ಕೇಬಲ್ಲಿನ ಉಪಾಯ ಕಲಿತರೆ. ಆಗಸ್ಟಿನಲ್ಲಿ ಬೋಟ್ ಇಳಿಸುವ ಮುಂಚೆ, ಎಲ್ಲವೂ ಸರಿಯಿರುವಾಗಲೇ ನಾಲ್ಕು ಅಂಕಿ ತೆಗೆದು ಎಂಜಿನ್ ರೂಮಿನ ಗೋಡೆಗೆ ಪೇಂಟಿನಿಂದ ಬರೆದಿಡಿ: ಕ್ರ್ಯಾಂಕ್ ಮಾಡುವಾಗ ಪಾಸಿಟಿವ್ ಡ್ರಾಪ್, ನೆಗೆಟಿವ್ ಡ್ರಾಪ್, ಸ್ಟಾರ್ಟ್ ಆಗಿ ಹತ್ತು ನಿಮಿಷದ ಚಾರ್ಜ್ ಆಂಪ್, ಎಲ್ಲ ಆಫ್ ಇರುವಾಗಿನ ಮಿಲಿಆಂಪ್. ಸೀಸನ್ ನಡುವೆ ಸೆಲ್ಫ್ ನಿಧಾನವಾದ ದಿನ ಡ್ರೈವರ್ ಆ ಗೋಡೆಯ ಮುಂದೆ ಮೀಟರ್ ಹಿಡಿದು ನಿಂತರೆ ಯಾವ ಲಗ್ ಬಿಚ್ಚಬೇಕೆಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.